ನೀರು ತೆಗೆಯುವ ಮುನ್ನ ನೆಲ ನೋಡಿ

ಪತ್ರ: ನಮ್ಮ ಬಡಾವಣೆಯ ಸಂಘದ ಈಜುಕೊಳಕ್ಕೆ ಮೂವತ್ತು ವರ್ಷವಾಯಿತು. ಉದ್ದ 25 ಮೀಟರ್, ಅಗಲ 10, ಸರಾಸರಿ ಆಳ 1.4. ದಿನಕ್ಕೆ ಎರಡು ಬೆರಳು ನೀರು ಇಳಿಯುತ್ತಿದೆ. ರಿಪೇರಿಗೆ ಹಣವಿಲ್ಲ. ಜೂನ್‌ನಲ್ಲಿ ಖಾಲಿ ಮಾಡಿ ಬೀಗ ಹಾಕೋಣ, ದುಡ್ಡು ಕೂಡಿದಾಗ ಮಣ್ಣು ತುಂಬಿಸೋಣ ಎಂದು ಸಭೆ ತೀರ್ಮಾನಿಸಿದೆ. ಸರಿಯೇ?
– ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಕೊಳ ಮುಚ್ಚುವುದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಜೂನ್ ತಿಂಗಳಿಗೆ ಮತ್ತು ಆ ಬೀಗಕ್ಕೆ.

ಹಳೆಯ ಕೊಳವನ್ನು ನೆಲದಲ್ಲಿ ಹಿಡಿದಿಟ್ಟಿರುವುದು ಒಳಗಿನ ನೀರಿನ ಭಾರ. ತಳದ ಕಾಂಕ್ರೀಟ್ 20 ಸೆಂ.ಮೀ. ದಪ್ಪವಿದ್ದರೆ ಅದರ ತೂಕ ಚದರ ಮೀಟರಿಗೆ ಸುಮಾರು 500 ಕೆ.ಜಿ. ಸುತ್ತಲ ಮಣ್ಣಿನಲ್ಲಿ ನೀರು ಆ ಕಾಂಕ್ರೀಟಿನ ಅಡಿಮಟ್ಟಕ್ಕಿಂತ ಅರ್ಧ ಮೀಟರ್ ಮೇಲೆ ನಿಂತರೆ ಸಾಕು, ಕೆಳಗಿನಿಂದ ಅಷ್ಟೇ ಒತ್ತಡ ಬರುತ್ತದೆ. ಮಳೆಗಾಲದಲ್ಲಿ ಅರ್ಧ ಮೀಟರ್ ಏನೂ ದೊಡ್ಡದಲ್ಲ. ಆಗ ಖಾಲಿ ಕೊಳದ ತಳ ಉಬ್ಬುತ್ತದೆ, ಟೈಲ್ಸ್ ಎದ್ದು ಬರುತ್ತವೆ, ಗೋಡೆಯ ಬುಡದಲ್ಲಿ ಬಿರುಕು ಬಿಡುತ್ತದೆ. ನಿಮ್ಮ ಕೊಳವಂತೂ ಸೋರಿ ಸೋರಿ ಸುತ್ತಲ ಮಣ್ಣನ್ನು ಈಗಾಗಲೇ ನೆನೆಸಿಟ್ಟಿದೆ.

ಆದ್ದರಿಂದ ಆಳದ ತುದಿಯ ಪಕ್ಕದಲ್ಲಿ ಮೂರು ಮೀಟರ್ ಆಳಕ್ಕೆ ಒಂದು ತೂತು ಕೊರೆಸಿ, ಅಲ್ಲಲ್ಲಿ ರಂಧ್ರ ಮಾಡಿದ ಪಿವಿಸಿ ಪೈಪ್ ಇಳಿಸಿ. ಕಲ್ಲು ಕಟ್ಟಿದ ದಾರ ಬಿಟ್ಟು ವಾರಕ್ಕೊಮ್ಮೆ ನೀರಿನ ಮಟ್ಟ ಅಳೆಯಿರಿ. ಅದು ಕೊಳದ ತಳಕ್ಕಿಂತ ಕೆಳಗಿಳಿದ ಮೇಲೆಯೇ ಖಾಲಿ ಮಾಡಿ. ಬೆಂಗಳೂರಿನಲ್ಲಿ ಇದಕ್ಕೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ.

ಅಲ್ಲಿಯವರೆಗೆ ಒಂದು ಪರೀಕ್ಷೆ ಮಾಡಿ ನೋಡಿ. ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಬಕೆಟ್‌ನೊಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ, 24 ಗಂಟೆ ಬಿಡಿ. ಬಕೆಟ್ಟಿನಲ್ಲಿ ಇಳಿದದ್ದು ಬಿಸಿಲಿಗೆ ಹೋದದ್ದು. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದಷ್ಟೂ ಸೋರಿಕೆ. ನಿಮ್ಮ ಅಳತೆಯ ಕೊಳದಲ್ಲಿ ಒಂದು ಸೆಂ.ಮೀ. ಎಂದರೆ 2,500 ಲೀಟರ್. ಪಂಪ್ ನಿಲ್ಲಿಸಿ ಇಳಿಯಲು ಬಿಟ್ಟಾಗ ನೀರು ಸ್ಕಿಮ್ಮರ್ (ಮೇಲೆ ತೇಲುವ ಕಸ ಎಳೆದುಕೊಳ್ಳುವ ಕಿಂಡಿ) ಬಾಯಿಯ ಹತ್ತಿರವೋ ದೀಪದ ಗೂಡಿನ ಹತ್ತಿರವೋ ತಾನಾಗಿ ನಿಂತರೆ, ತೂತು ಅಲ್ಲೇ ಇದೆ. ಅಂಥ ಸೋರಿಕೆಯ ರಿಪೇರಿ ಕೊಳ ಮುಚ್ಚುವ ಖರ್ಚಿನ ಮುಂದೆ ಏನೂ ಅಲ್ಲ. ಸಭೆಯ ತೀರ್ಮಾನ ಬದಲಾದರೂ ಆದೀತು.

ಹಣ ಕೂಡುವವರೆಗೆ ನೀರು ಇರಲಿ, ದಿನಕ್ಕೆ ಒಂದೆರಡು ಗಂಟೆ ಫಿಲ್ಟರ್ ಓಡಲಿ. ಆದರೆ ಇಳಿದ ನೀರಿನ ಬದಲಿಗೆ ಕುಡಿಯುವ ನೀರು ಬಿಡುವ ಮುನ್ನ ಜಲಮಂಡಳಿಯ ಸದ್ಯದ ನಿಯಮ ವಿಚಾರಿಸಿ. 2024ರ ಬರದಲ್ಲಿ ಅದು ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಖಾಲಿ ಮಾಡಿ ಬೀಗ ಹಾಕಿದ ಕೊಳದಲ್ಲಿ ಮಳೆ ನೀರು ನಿಲ್ಲುತ್ತದೆ, ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತವೆ. ಚೆಂಡು ತರಲು ಗೋಡೆ ಹಾರುವ ಹುಡುಗರಿಗೆ ಬೀಗ ಲೆಕ್ಕಕ್ಕಿಲ್ಲ.

ಖಾಲಿ ಮಾಡುವ ಕಾಲ ಬಂದಾಗ ಒಂದು ವಾರ ಮೊದಲೇ ಕ್ಲೋರಿನ್ ನಿಲ್ಲಿಸಿ. ಟಿಸಿಸಿಎ (ನಿಧಾನವಾಗಿ ಕರಗುವ ಒಂದು ಬಗೆಯ ಕ್ಲೋರಿನ್) ಮಾತ್ರೆ ಬಳಸುತ್ತಿದ್ದರೆ ಇನ್ನೂ ತಡವಾಗಬಹುದು, ಅದರಲ್ಲಿರುವ ಸಯನ್ಯೂರಿಕ್ ಆಮ್ಲ ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುತ್ತದೆ. ನೀರಿಗೆ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದಾಗ ಹಳದಿ ಬಣ್ಣ ಬರದಿದ್ದರೆ ಆ 3.5 ಲಕ್ಷ ಲೀಟರನ್ನು ಗಿಡಗಳಿಗೆ, ಶೌಚಾಲಯದ ಟ್ಯಾಂಕಿಗೆ ಕೊಡಿ. ರಾಜಕಾಲುವೆಗೆ ಬಿಡಬೇಡಿ. ಉಳಿದ ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಡಬ್ಬಕ್ಕೆ ಸುರಿಯಲೇಬೇಡಿ, ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು. ಆಮ್ಲ ತಾಗಿದರೆ ಕ್ಲೋರಿನ್ ಅನಿಲವೇ ಏಳುತ್ತದೆ. ಮೂಲ ಡಬ್ಬದಲ್ಲೇ ಬೇರೆ ಕೊಳದವರಿಗೆ ಕೊಟ್ಟುಬಿಡಿ. ದೀಪ, ಪಂಪುಗಳ ವಿದ್ಯುತ್ತನ್ನು ಪ್ಯಾನೆಲ್‌ನಲ್ಲೇ ಕಳಚಿಸಿ.

ಮಣ್ಣಿನ ವಿಚಾರಕ್ಕೆ ಬಂದರೆ, ಕೊಳದ ಅಡಿಯಲ್ಲಿ ಪಾರ್ಕಿಂಗ್ ಇದ್ದರೆ ಇದನ್ನು ಮರೆತುಬಿಡಿ. ಒದ್ದೆ ಮಣ್ಣು ನೀರಿನ ಎರಡು ಪಟ್ಟು ತೂಗುತ್ತದೆ. ನೆಲದ ಮೇಲೇ ಇದ್ದರೆ ಮೊದಲು ತಳ ಒಡೆಯಬೇಕು. ಆಳದ ತುದಿಯಿಂದ ಶುರುಮಾಡಿ ಮೂರು ಮೀಟರಿಗೊಂದು, ಎರಡಡಿ ಚೌಕದ ತೂತು. ಒಡೆಯದೆ ತುಂಬಿದರೆ ಅದು ತೊಟ್ಟಿಯಾಗಿಯೇ ಉಳಿದು ಮೇಲೆ ಕೆಸರಾಗುತ್ತದೆ. ಗೋಡೆಯ ಮೇಲಿನ ಎರಡು ಮೂರು ಅಡಿ ಕೆಡವಿ, ಆ ಚೂರುಗಳನ್ನು ತಳಕ್ಕೆ ಹಾಕಿ. ಕೊಳದಿಂದ ಉಕ್ಕಿದ ನೀರು ಹಿಡಿಯುವ ಬ್ಯಾಲೆನ್ಸಿಂಗ್ ಟ್ಯಾಂಕನ್ನು ಟೊಳ್ಳಾಗಿ ಬಿಡದೆ ತುಂಬಿಸಿ. ಮುಚ್ಚಿದ ಟ್ಯಾಂಕಿಗೆ ಗಾಳಿಯಾಡಿಸದೆ ಯಾರನ್ನೂ ಇಳಿಸಬೇಡಿ.

ತಳದಲ್ಲಿ 30 ಸೆಂ.ಮೀ. ದಪ್ಪ ಜಲ್ಲಿ, ಅದರ ಮೇಲೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಆಮೇಲೆ ಕೆಂಪು ಗರಸು ಮಣ್ಣು. ಎರೆಮಣ್ಣು ಬೇಡ, ನೆನೆದರೆ ಉಬ್ಬಿ ಒಣಗಿದರೆ ಬಿರಿಯುತ್ತದೆ. ಒಮ್ಮೆಗೆ 20–25 ಸೆಂ.ಮೀ. ಹಾಸಿ, ನೀರು ಚಿಮುಕಿಸಿ, ಮಣ್ಣು ಅದುಮುವ ಕಂಪ್ಯಾಕ್ಟರ್ ಯಂತ್ರ ಓಡಿಸಿ. ದಮ್ಮಸ್ಸು ಮಾಡಿದರೆ ಮಣ್ಣು ಕುಗ್ಗುವುದರಿಂದ ಸಡಿಲ ಮಣ್ಣು 330–350 ಘನ ಮೀಟರ್ ಬೇಕು. ಟಿಪ್ಪರಿಗೆ 10 ಘನ ಮೀಟರಿನಂತೆ ಸುಮಾರು 35 ಲೋಡ್. ಗುತ್ತಿಗೆದಾರರು ಎಲ್ಲವನ್ನೂ ಒಂದೇ ದಿನ ಸುರಿದು ಮಟ್ಟ ಮಾಡಿ ಹೋಗುವುದೇ ಹೆಚ್ಚು. ಸಂಘದವರೊಬ್ಬರು ಪಕ್ಕದಲ್ಲಿ ನಿಂತು ಪದರ ಎಣಿಸಬೇಕು.

ಕೊಳ ಎಲ್ಲರ ಸ್ವತ್ತು. ಕೈಹಾಕುವ ಮುನ್ನ ನಿಮ್ಮ ಒಡೆತನದ ಪತ್ರಗಳನ್ನೂ ಸಂಘದ ಬೈಲಾವನ್ನೂ ವಕೀಲರಿಗೆ ತೋರಿಸಿ.

ಎರಡು ಮಳೆಗಾಲ ಕಳೆಯುವವರೆಗೆ ಅಲ್ಲಿ ಹುಲ್ಲು ಮಾತ್ರ ಇರಲಿ, ಬ್ಯಾಡ್ಮಿಂಟನ್ ಕೋರ್ಟಿನ ಆಸೆ ಆಮೇಲೆ. ಒಳಗುಳಿದ ಗೋಡೆ ಎಲ್ಲಿದೆ ಎಂದು ಅಳತೆಯೊಂದಿಗೆ ನಕ್ಷೆ ಬರೆದು ಕಡತದಲ್ಲಿಡಿ. ಇಪ್ಪತ್ತು ವರ್ಷದ ಮೇಲೆ ಬೋರ್‌ವೆಲ್ ಕೊರೆಸಲು ಬರುವವರಿಗೆ ಬೇಕಾಗುತ್ತದೆ.

– ಸಂ.