4294967297 ಅವಿಭಾಜ್ಯ ಅಂತ ಬರೆದುಬಿಡಬಹುದಾ?

2ರ ಪರೀಕ್ಷೆಯಲ್ಲಿ (2ನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸುವುದು) ಶೇಷ 1 ಬಂತು, ಅವಿಭಾಜ್ಯ ಅಂತ ಬರೆಯಲಾ ಅಂತ ಕೇಳಿದ್ದೀರಿ. ಬರೆಯಬೇಡಿ. ನಾನು ಬರೆದಿದ್ದೆ. ಇದೇ ಸಂಖ್ಯೆ, ಇದೇ ಪರೀಕ್ಷೆ.

ಡಿಗ್ರಿ ಕೊನೆಯ ವರ್ಷದ ಪ್ರಾಜೆಕ್ಟ್ ಅದು. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಈ ಸಂಖ್ಯೆ ಬರುತ್ತದೆ. ಘಾತವನ್ನು 1, 2, 4, 8, 16 ಅಂತ ಇಮ್ಮಡಿಸುತ್ತಾ ಹೋದರೆ ಇದೇ ಸಾಲಿನಲ್ಲಿ ಮೊದಲು ಬರುವ 3, 5, 17, 257, 65537 ಐದೂ ಅವಿಭಾಜ್ಯ. ಆರನೆಯದೂ ಹಾಗೇ ಇರಬೇಕು ಅನ್ನಿಸಿತು. ಗಣಿತಜ್ಞ ಫರ್ಮಾಗೂ ಹಾಗೇ ಅನ್ನಿಸಿತ್ತು. 2ರ ಪರೀಕ್ಷೆ ಮಾಡಿದೆ. ಶೇಷ 1. ಮುಂದಿನ ಎರಡು ತಿಂಗಳ ಕೆಲಸವನ್ನೆಲ್ಲ ಅದರ ಮೇಲೇ ಕಟ್ಟಿದೆ.

ವೈವಾದಲ್ಲಿ ಪರೀಕ್ಷಕರು ಹೇಳಿದ್ದು ಇಷ್ಟೇ: "641ರಿಂದ ಭಾಗಿಸು, ನೋಡೋಣ." ಬೋರ್ಡಿನ ಮೇಲೆ ಶುರುಮಾಡಿದೆ. 4294ರಲ್ಲಿ ಆರು ಸಲ, ಉಳಿದದ್ದು 448. ಒಂಬತ್ತು ಇಳಿಸಿದೆ, 4489. ಏಳು ಸಲ, 4487 ಹೋಗಿ 2 ಉಳಿಯಿತು. ಹೀಗೇ ಇಳಿಸುತ್ತಾ ಕೊನೆಗೆ ಬಂದದ್ದು ಮತ್ತೆ 4487. ಆಗಲೇ ಬರೆದಿದ್ದ ಸಂಖ್ಯೆ, 641 ಏಳಲೆ. ಶೇಷ ಸೊನ್ನೆ. ಭಾಗಲಬ್ಧ 6700417. ಕೈ ನಡುಗಿತ್ತು.

ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. 2ಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯವಾಗಿದ್ದರೆ ಶೇಷ 1 ಬರಲೇಬೇಕು. ಆದರೆ ಶೇಷ 1 ಬಂದ ಮಾತ್ರಕ್ಕೆ ಅದು ಅವಿಭಾಜ್ಯ ಆಗಬೇಕಿಲ್ಲ. ನಾನು ತಿರುಗಿಸಿ ಓದಿಕೊಂಡಿದ್ದೆ. ಈ ಸಂಖ್ಯೆಗಂತೂ ಅದು ಪರೀಕ್ಷೆಯೇ ಅಲ್ಲ. ನಮ್ಮ ಸಂಖ್ಯೆ 2ರ 32ನೇ ಘಾತಕ್ಕಿಂತ 1 ಜಾಸ್ತಿ, ಅಲ್ವಾ? ಹಾಗಾಗಿ ಆ ಘಾತವನ್ನು ಭಾಗಿಸಿದಾಗ ಬರುವ ಶೇಷವನ್ನು −1 ಅಂತ ಹಿಡಿಯಬಹುದು. ವರ್ಗ ಮಾಡಿ, 64ನೇ ಘಾತಕ್ಕೆ ಶೇಷ 1. ಪರೀಕ್ಷೆಯಲ್ಲಿ ಏರಿಸುವ ಘಾತ 4294967296, ಅದು 64ರಿಂದ ಪೂರ್ತಿ ಭಾಗವಾಗುತ್ತದೆ. 1ನ್ನು 1ರಿಂದ ಎಷ್ಟು ಸಲ ಗುಣಿಸಿದರೂ 1 ತಾನೆ? ಸಂಖ್ಯೆ ಒಡೆಯಲಿ ಬಿಡಲಿ, ಉತ್ತರ 1 ಬಂದೇ ಬರುತ್ತಿತ್ತು. ಇಷ್ಟನ್ನು ಮೊದಲೇ ಕಾಗದದ ಮೇಲೆ ಬರೆದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. 2ರ ಬದಲು 3 ಹಾಕಿದ್ದರೂ ಸಾಕಿತ್ತು, ಶೇಷ 3029026160 ಬರುತ್ತದೆ.

ಯಾವ ಪರೀಕ್ಷೆಯಿಂದ ಸಾಬೀತು ಮಾಡಲಿ ಅಂತ ಹೊರಡುವುದೇ ತಪ್ಪು ದಾರಿ ಅಂತೀನಿ. ಮೊದಲು ಒಡೆಯಲು ನೋಡಿ. ಸಂಖ್ಯೆ ಒಡೆಯುವುದಾದರೆ ಅದರ ವರ್ಗಮೂಲದೊಳಗೇ ಒಂದು ಅಪವರ್ತನ ಸಿಗಬೇಕು. ಇದರ ವರ್ಗಮೂಲ 65536ಕ್ಕಿಂತ ಒಂಚೂರು ಜಾಸ್ತಿ. ಅಲ್ಲಿಯವರೆಗೆ ಇರುವ ಅವಿಭಾಜ್ಯಗಳು 6542 ಮಾತ್ರ, ಕಂಪ್ಯೂಟರ್‌ಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. 1732ರಲ್ಲಿ ಗಣಿತಜ್ಞ ಆಯ್ಲರ್‌ಗೆ ಅದೂ ಬೇಕಾಗಲಿಲ್ಲ. ಇದರ ಯಾವ ಅಪವರ್ತನವೇ ಆದರೂ 64ರ ಗುಣಕಕ್ಕಿಂತ 1 ಜಾಸ್ತಿ ಇರಬೇಕು ಅಂತ ತೋರಿಸಿದ. ಅಂಥ ಅವಿಭಾಜ್ಯಗಳು 193, 257, 449, 577, ಆಮೇಲೆ 641. ಐದನೆಯದಕ್ಕೇ ಸಿಕ್ಕಿತು.

ಹಾಗಂತ 3ರ ಪರೀಕ್ಷೆಯನ್ನೂ ಸುಮ್ನೆ ನಂಬಬೇಡಿ. 91ನ್ನು ಅದರಲ್ಲಿ ಹಾಕಿ ನೋಡಿ, ಶೇಷ 1 ಬರುತ್ತದೆ. 91 ಅಂದರೆ ಹದಿಮೂರೇಳಲೆ.