ಬಾಟಲಿಯ ಬಾಯಿ ಕಟ್ಟಿದ್ದರೂ 1.3 ಗ್ರಾಂ ಎಲ್ಲಿ ಹೋಯಿತು?

ನಿಮ್ಮ ಪ್ರಶ್ನೆ: "ನಾನು 9ನೇ ತರಗತಿ. ಬಾಟಲಿಗೆ ವಿನೆಗರ್, ಬಲೂನಿನೊಳಗೆ ಅಡುಗೆ ಸೋಡಾ ಹಾಕಿ, ಬಲೂನನ್ನು ಬಾಟಲಿಯ ಬಾಯಿಗೆ ಬಿಗಿದು ತೂಕ ನೋಡಿದೆ. ಸೋಡಾ ಒಳಗೆ ಬೀಳಿಸಿದ ಮೇಲೆ ಬಲೂನು 13 ಸೆಂ.ಮೀ. ಅಗಲಕ್ಕೆ ಉಬ್ಬಿತು. ಎಲ್ಲೂ ಸೋರಲಿಲ್ಲ. ಆದರೂ ತಕ್ಕಡಿ 1.3 ಗ್ರಾಂ ಕಡಿಮೆ ತೋರಿಸಿತು. ರಾಶಿ ಸಂರಕ್ಷಣಾ ನಿಯಮ ತಪ್ಪಾ?"

ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ರಾಶಿ ಬದಲಾಗುವುದಿಲ್ಲ ಎಂಬ ಆ ನಿಯಮ ತಪ್ಪಿಲ್ಲ. ನಿಮ್ಮ ತಕ್ಕಡಿಯೂ ಸರಿಯಾಗಿಯೇ ಇದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಇಂಥ ಅಂಕಿ ಬಂದಾಗ "ಎಲ್ಲೋ ಸೋರಿರಬೇಕು ಬಿಡು" ಎಂದು ಮುಂದೆ ಹೋಗುವವರೇ ಜಾಸ್ತಿ. ನೀವು ಹಾಗೆ ಮಾಡದೆ ಅಳತೆಯನ್ನೂ ಬರೆದಿಟ್ಟುಕೊಂಡಿದ್ದೀರಿ. ಅದರಿಂದಲೇ ಉತ್ತರ ಸಿಗುತ್ತದೆ.

ಬಾವಿಯಿಂದ ಕೊಡ ಸೇದುವಾಗ ನೋಡಿದ್ದೀರಾ? ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗುರ. ನೀರು ಬಿಟ್ಟು ಮೇಲೆ ಬಂದ ಕೂಡಲೇ ಹಗ್ಗ ಕೈ ಎಳೆಯುತ್ತದೆ. ನೀರು ಅದನ್ನು ಮೇಲಕ್ಕೆ ತಳ್ಳುತ್ತಿತ್ತು, ಅಷ್ಟೇ. ನಾವೆಲ್ಲ ಗಾಳಿಯೊಳಗೆ ಮುಳುಗಿಯೇ ಇದ್ದೇವೆ. ಗಾಳಿಯೂ ಹಾಗೆಯೇ ತಳ್ಳುತ್ತದೆ. ಒಂದು ವಸ್ತು ಎಷ್ಟು ಗಾಳಿಯ ಜಾಗ ಹಿಡಿಯುತ್ತದೋ ಅಷ್ಟು ಗಾಳಿಯ ತೂಕದಷ್ಟು ಅದು ಹಗುರವಾಗಿ ಕಾಣುತ್ತದೆ. ಪಾಠದಲ್ಲಿ ಪ್ಲವನತೆ ಎಂದು ಓದಿರುತ್ತೀರಿ.

ಈಗ ಲೆಕ್ಕ ಹಾಕೋಣ. 13 ಸೆಂ.ಮೀ. ಅಗಲದ ಗೋಳದ ಗಾತ್ರ ಸುಮಾರು 1.15 ಲೀಟರ್. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ (ಬೆಂಗಳೂರಿನಂಥ ಎತ್ತರದ ಊರಲ್ಲಿ 1.1ರ ಆಸುಪಾಸು). ಗುಣಿಸಿ ನೋಡಿ, 1.3 ಚಿಲ್ಲರೆ ಗ್ರಾಂ ಬರುತ್ತದೆ. ನಿಮಗೆ ಕಡಿಮೆ ಬಂದದ್ದೂ ಅಷ್ಟೇ ಅಲ್ವಾ? ಒಳಗಿನ ರಾಶಿ ಒಂದು ಚೂರೂ ಕಮ್ಮಿಯಾಗಿಲ್ಲ. ಸೋಡಾ ಮತ್ತು ವಿನೆಗರ್ ಸೇರಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಅನಿಲ ಜಾಗ ಜಾಸ್ತಿ ಹಿಡಿಯಿತು. ಅದಕ್ಕೇ ಹೊರಗಿನ ಗಾಳಿಯ ತಳ್ಳು ಹೆಚ್ಚಾಯಿತು. ತಕ್ಕಡಿ ನೇರವಾಗಿ ರಾಶಿಯನ್ನು ಅಳೆಯುವುದಿಲ್ಲ. ತನ್ನ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ.

ಅನಿಲವನ್ನು ಲೆಕ್ಕಕ್ಕೆ ತರುವುದು ದೊಡ್ಡ ವಿಜ್ಞಾನಿಗಳಿಗೂ ಸುಲಭವಾಗಿರಲಿಲ್ಲ. 1670ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯೊಳಗೆ ತವರ ಇಟ್ಟು, ಬಾಯಿ ಮುಚ್ಚಿ ಕಾಯಿಸಿದರು. ಆಮೇಲೆ ಬಾಯಿ ಒಡೆದು ತೂಗಿದರು. ತೂಕ ಹೆಚ್ಚಾಗಿತ್ತು. ಬೆಂಕಿಯ ಕಣಗಳು ಗಾಜಿನ ಮೂಲಕ ಒಳಗೆ ನುಗ್ಗಿವೆ ಎಂದುಕೊಂಡರು. ಸುಮಾರು ನೂರು ವರ್ಷದ ನಂತರ, 1774ರಲ್ಲಿ, ಪ್ಯಾರಿಸ್ಸಿನಲ್ಲಿ ರಸಾಯನ ವಿಜ್ಞಾನಿ ಲಾವೋಸಿಯೇ ಅದೇ ಪ್ರಯೋಗ ಮಾಡಿದರು. ಅವರು ಬಾಯಿ ತೆರೆಯುವ ಮೊದಲೇ ಒಮ್ಮೆ ತೂಗಿದರು. ತೂಕ ಬದಲಾಗಿರಲಿಲ್ಲ. ತೆರೆದಾಗ ಸುಯ್ಯೆಂದು ಗಾಳಿ ಒಳಗೆ ನುಗ್ಗಿತು, ಆಗ ತೂಕ ಏರಿತು. ತವರ ಒಳಗಿನ ಗಾಳಿಯ ಒಂದು ಪಾಲನ್ನು ಹೀರಿಕೊಂಡಿತ್ತು, ಆ ಖಾಲಿ ತುಂಬಲು ಹೊರಗಿನ ಗಾಳಿ ಬಂದಿತ್ತು. ಎರಡು ಪ್ರಯೋಗಕ್ಕೂ ಇರುವ ವ್ಯತ್ಯಾಸ ಯಾವಾಗ ತೂಗಿದರು ಎನ್ನುವುದಷ್ಟೇ! ಪ್ರತಿ ವರ್ಷ ಇದನ್ನು ಹೇಳುವಾಗಲೂ ನನಗೆ ರೋಮಾಂಚನವಾಗುತ್ತದೆ.

ನಿಮ್ಮ 1.3 ಗ್ರಾಂಗೆ ಇನ್ನೂ ಹತ್ತಿರದ ಕತೆ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯದು. 1890ರ ದಶಕದ ಆರಂಭದಲ್ಲಿ ಅವರು ಸಾರಜನಕವನ್ನು ತೂಗುತ್ತಿದ್ದರು. ಗಾಳಿಯಿಂದ ಬೇರ್ಪಡಿಸಿದ ಸಾರಜನಕ ಲೀಟರಿಗೆ ಸುಮಾರು 1.257 ಗ್ರಾಂ ತೂಗಿತು. ಅಮೋನಿಯಾದಂಥ ಸಂಯುಕ್ತಗಳಿಂದ ತಯಾರಿಸಿದ್ದು ಸುಮಾರು 1.251. ವ್ಯತ್ಯಾಸ ನೂರಕ್ಕೆ ಅರ್ಧ ಪಾಲು, ಅಷ್ಟೇ. ಆದರೆ ಎಷ್ಟು ಸಲ ತೂಗಿದರೂ ಅದು ಹೋಗಲಿಲ್ಲ. ಅಳತೆ ತಪ್ಪು ಎನ್ನುವಂತಿರಲಿಲ್ಲ, ಏಕೆಂದರೆ ಗಾಳಿಯ ತಳ್ಳುವಿಕೆಗೆ ಅವರು ಮೊದಲೇ ಉಪಾಯ ಮಾಡಿದ್ದರು. ಅನಿಲ ತುಂಬಿದ ಗಾಜಿನ ಬುರುಡೆಯನ್ನು ತಕ್ಕಡಿಯ ಒಂದು ಕಡೆ ತೂಗುಹಾಕಿದರೆ, ಅಷ್ಟೇ ಗಾತ್ರದ ಇನ್ನೊಂದು ಮುಚ್ಚಿದ ಬುರುಡೆ ಇನ್ನೊಂದು ಕಡೆ. ಎರಡನ್ನೂ ಗಾಳಿ ಒಂದೇ ಸಮ ತಳ್ಳುತ್ತದೆ. ಒಳಗಿನ ಗಾಳಿ ತೆಗೆದಾಗ ಗಾಜು ಒಂದಿಷ್ಟು ಕುಗ್ಗುತ್ತದೆ. ಅದನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು. ಕೊನೆಗೆ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿ ಹೀರಿಸಿದರು. ಯಾವುದರ ಜೊತೆಗೂ ಸೇರದ ಒಂದು ಅನಿಲ ಉಳಿಯಿತು. ಅದೇ ಆರ್ಗಾನ್. ಸಾರಜನಕಕ್ಕಿಂತ ಭಾರವಾದ ಇದು ಬೆರೆತಿದ್ದರಿಂದಲೇ ಗಾಳಿಯ ಸಾರಜನಕ ಹೆಚ್ಚು ತೂಗಿತ್ತು. 1894ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು, 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇರುವ ಅನಿಲ ಏನೆಂದು ಅಲ್ಲಿಯವರೆಗೆ ಯಾರೂ ಗುರುತಿಸಿರಲಿಲ್ಲ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ಪರೀಕ್ಷಿಸಿ. ಈ ಸಲ ಬಲೂನು ಬೇಡ. ತಂಪು ಪಾನೀಯದ 1 ಲೀಟರ್ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಗಾಜಿನದು ಬೇಡವೇ ಬೇಡ. 50 ಮಿ.ಲೀ. ವಿನೆಗರ್ ಹಾಕಿ. 2 ಗ್ರಾಂ ಸೋಡಾವನ್ನು ಟಿಶ್ಯೂ ಕಾಗದದಲ್ಲಿ ಪೊಟ್ಟಣ ಕಟ್ಟಿ. ಅದಕ್ಕಿಂತ ಜಾಸ್ತಿ ಹಾಕಬೇಡಿ, ಮನೆಯ ದೊಡ್ಡವರು ಯಾರಾದರೂ ಜೊತೆಗಿರಲಿ. ಬಾಟಲಿ, ಮುಚ್ಚಳ, ಪೊಟ್ಟಣ ಮೂರನ್ನೂ ಒಟ್ಟಿಗೆ ತೂಗಿ. ಪೊಟ್ಟಣವನ್ನು ಒಳಗೆ ಬೀಳಿಸಿ, ತಕ್ಷಣ ಮುಚ್ಚಳ ಬಿಗಿಯಿರಿ. ನೊರೆ ನಿಂತ ಮೇಲೆ ಬಾಟಲಿ ಒತ್ತಿದರೆ ಗಟ್ಟಿಯಾಗಿರುತ್ತದೆ, ಆದರೆ ಉಬ್ಬಿರುವುದಿಲ್ಲ. ತೂಕ ಮೊದಲಿನಷ್ಟೇ ಬರಬೇಕು. ಆಮೇಲೆ ಮುಚ್ಚಳವನ್ನು ನಿಧಾನಕ್ಕೆ ಸಡಿಲಿಸಿ, ಗಾಳಿ ಹೋಗಲಿ, ಮತ್ತೆ ತೂಗಿ. ಈಗ ಅರ್ಧ ಗ್ರಾಂಗಿಂತ ಜಾಸ್ತಿ ಇಳಿಯುತ್ತದೆ. ಈ ಸಲ ಕಡಿಮೆಯಾದದ್ದು ನಿಜವಾಗಿಯೂ ಹೊರಗೆ ಹೋದ ಅನಿಲ. ಬಂದ ಅಂಕಿಗಳನ್ನು ಇಲ್ಲೇ ಕೆಳಗೆ ಬರೆಯಿರಿ, ಒಟ್ಟಿಗೆ ನೋಡೋಣ.