ಬ್ಯಾಗಿನ ತಳದಲ್ಲಿ ಸಿಕ್ಕ ಚೀಟಿ: ಪ್ರಾಥಮಿಕ ಶಾಲೆ ಮಕ್ಕಳ ಮನೆಯವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಶಾಲೆಯಿಂದ ಮನೆಗೆ ಬರುವ ಸೂಚನೆಗಳು. ಚೀಟಿ, ಡೈರಿ, ಸರ್ಕ್ಯುಲರ್, ವಾಟ್ಸಾಪ್ ಮೆಸೇಜ್, ಹೀಗೆ ದಿನಕ್ಕೊಂದು ಬರುತ್ತಲೇ ಇರುತ್ತದೆ, ಅದರಲ್ಲಿ ಯಾವುದನ್ನು ತಪ್ಪದೆ ಮಾಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅನ್ನೋದೇ ಗೊತ್ತಾಗುವುದಿಲ್ಲ ಎಂದು ಬಹಳ ಜನ ಬರೆದಿದ್ದಾರೆ. ನಾನು ತುಂಬಾ ವರ್ಷ ಚಿಕ್ಕ ಮಕ್ಕಳಿಗೆ ಪಾಠ ಮಾಡಿದವಳು. ಅಂಥ ಚೀಟಿ ಬರೆದು ಕಳಿಸಿದವಳೂ ನಾನೇ, ನನ್ನ ಮಕ್ಕಳು ತಂದ ಚೀಟಿ ಓದಿ ಸಹಿ ಹಾಕಿದವಳೂ ನಾನೇ. ನನಗೆ ಅನ್ನಿಸುವುದು ಇಷ್ಟು. ಶಾಲೆಯವರು ನಿಯಮ ಬರೆಯುತ್ತಾರೆ, ಕಾರಣ ಬರೆಯುವುದಿಲ್ಲ. ಕಾರಣ ಗೊತ್ತಾದರೆ ಯಾರೂ ಅದನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಅದಕ್ಕೇ ಇಲ್ಲಿ ಆದಷ್ಟು ಕಾರಣವನ್ನೇ ಹೇಳಿದ್ದೇನೆ.

ಪ್ರಶ್ನೆ: ಮೇಡಂ, ನಾನು ಕೆಲಸಕ್ಕೆ ಹೋಗುವ ತಾಯಿ. ಮಗಳು ಎರಡನೇ ಕ್ಲಾಸು. ಹೋದ ವಾರ ಶಾಲೆಯಲ್ಲಿ ಬಣ್ಣದ ಬಟ್ಟೆ ಹಾಕಿಕೊಂಡು ಬರುವ ದಿನ ಇತ್ತು. ಕ್ಲಾಸಿನ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತಂತೆ, ನಾನು ನೋಡಿರಲಿಲ್ಲ. ಇಡೀ ಕ್ಲಾಸಿನಲ್ಲಿ ಅವಳೊಬ್ಬಳೇ ಯೂನಿಫಾರ್ಮ್‌ನಲ್ಲಿ ಕೂತಿದ್ದಳು. ಸಂಜೆ ಬಂದವಳು ಮಾತೇ ಆಡಲಿಲ್ಲ. ಹೀಗಾಗಿದ್ದು ಇದು ಮೂರನೇ ಸಲ. ಏನು ಮಾಡಲಿ?

ಉತ್ತರ: ಮೊದಲು ಮಗಳ ಹತ್ತಿರ ಕೂತು ಮಾತಾಡಿ. “ಮೆಸೇಜ್ ನೋಡದೆ ಹೋಗಿದ್ದು ನಾನು ಪುಟ್ಟಿ, ನಿನ್ನ ತಪ್ಪೇನೂ ಇಲ್ಲ” ಎಂದು ಬಾಯಿಬಿಟ್ಟು ಹೇಳಿ. ಈ ವಯಸ್ಸಿನ ಮಕ್ಕಳು ಏನು ಎಡವಟ್ಟಾದರೂ ತಮ್ಮಿಂದಲೇ ಆಯಿತು ಅಂದುಕೊಂಡುಬಿಡುತ್ತಾರೆ, ಅದನ್ನು ಹೇಳಿಕೊಳ್ಳುವುದಕ್ಕೂ ಬರುವುದಿಲ್ಲ.

ನನ್ನ ಒಂದನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದಕ್ಕೆ ಮನೆಯವರ ಒಪ್ಪಿಗೆ ಚೀಟಿ ಬೇಕಿತ್ತು, ಎಲ್ಲರದ್ದೂ ಬಂತು, ಅವನದ್ದು ಮಾತ್ರ ಬರಲಿಲ್ಲ. ಕೊನೆಗೆ ನಾನೇ ಅವನ ಬ್ಯಾಗನ್ನು ಮೇಜಿನ ಮೇಲೆ ಸುರಿದೆ. ಪೆನ್ಸಿಲ್ ಹೆರೆದ ಪುಡಿ, ಮುರಿದ ಸ್ಕೇಲು, ಒಂದು ಕಾಲಿನ ಸಾಕ್ಸು, ಅದರಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಆ ಚೀಟಿ. ಎಷ್ಟು ಸಲ ತೆಗೆದು ಮಡಚಿ ಇಟ್ಟಿದ್ದನೋ, ಕಾಗದ ಬಟ್ಟೆ ಹಾಗೆ ಮೆತ್ತಗಾಗಿತ್ತು. “ಅಪ್ಪ ಬರೋ ಹೊತ್ತಿಗೆ ನಾನು ಮಲಗಿರ್ತೀನಿ ಮಿಸ್” ಅಂದ. ಅವರ ಅಪ್ಪನಿಗೆ ಫೋನ್ ಮಾಡಿದೆ, ಮಧ್ಯಾಹ್ನವೇ ಓಡಿ ಬಂದು ಸಹಿ ಹಾಕಿ ಹೋದರು. ಅವರಿಗೂ ವಿಷಯವೇ ಗೊತ್ತಿರಲಿಲ್ಲ. ಅಂದಿನಿಂದ ನಾನು ಚೀಟಿ ಬಾರದಿದ್ದರೆ ಮಗುವನ್ನು ಕೇಳುವುದು ಬಿಟ್ಟೆ, ಮನೆಗೇ ಕೇಳುತ್ತಿದ್ದೆ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ದಿನಾ ಸಂಜೆ ಒಂದೇ ಹೊತ್ತಿಗೆ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ, ಮಗಳ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ಕೂತಿರಿ. ಸಹಿ ಬೇಕಾದ ಕಾಗದ ಸಿಕ್ಕರೆ ನಿಂತ ಕಾಲಲ್ಲೇ ಸಹಿ ಹಾಕಿ ಬ್ಯಾಗಿಗೆ ವಾಪಸ್ ಹಾಕಿ. “ಆಮೇಲೆ ಓದ್ತೀನಿ” ಎಂದು ಎತ್ತಿಟ್ಟ ಕಾಗದ ಮತ್ತೆ ಸಿಗುವುದು ಕಷ್ಟ. ಏನಾದರೂ ತರಬೇಕಾದ ದಿನವಿದ್ದರೆ ಬಾಗಿಲ ಹತ್ತಿರದ ಕ್ಯಾಲೆಂಡರಿನಲ್ಲಿ ಬರೆಯಿರಿ, ಅದೂ ತಾರೀಖಿನ ಹಿಂದಿನ ದಿನದ ಮನೆಯಲ್ಲಿ. ಬಣ್ಣದ ಬಟ್ಟೆ ಶುಕ್ರವಾರ ಬೇಕಾದರೆ ಗುರುವಾರದ ಮನೆಯಲ್ಲಿ ಬರೆದಿರಬೇಕು, ಯಾಕೆಂದರೆ ಬಟ್ಟೆ ಹುಡುಕಿ ಇಡುವುದು ಗುರುವಾರ ರಾತ್ರಿ ಅಲ್ವಾ? ಇನ್ನು ಆ ಗ್ರೂಪು. ಅದರಲ್ಲಿ ಟೀಚರ್ ಹಾಕಿದ್ದು ಒಂದು ಮೆಸೇಜ್ ಇದ್ದರೆ ಅದಕ್ಕೆ ಧನ್ಯವಾದ, ನಮಸ್ಕಾರದ ಮೆಸೇಜು ಮೂವತ್ತು ಇರುತ್ತವೆ, ಬೇಕಾದದ್ದು ಅದರಲ್ಲಿ ಮುಳುಗಿಹೋಗುತ್ತದೆ. ಟೀಚರಿಗೇ ಕೇಳಿ, ಮುಖ್ಯ ಸೂಚನೆ ಬಂದಾಗ ಅದನ್ನು ಗ್ರೂಪಿನಲ್ಲಿ ಪಿನ್ ಮಾಡಿ ಇಡಿ ಎಂದು. ಇಲ್ಲವೇ ಟೀಚರ್ ಮಾತ್ರ ಬರೆಯುವ ಹಾಗೆ ಗ್ರೂಪಿನ ಸೆಟ್ಟಿಂಗ್ ಬದಲಾಯಿಸಬಹುದು. ನಿಮ್ಮ ಹಾಗೇ ಒದ್ದಾಡುವವರು ಆ ಕ್ಲಾಸಿನಲ್ಲಿ ಇನ್ನೂ ನಾಲ್ಕೈದು ಜನ ಇದ್ದೇ ಇರುತ್ತಾರೆ.

ಪ್ರಶ್ನೆ: ಮಗನಿಗೆ ಬೆಳಿಗ್ಗೆ ಸ್ವಲ್ಪ ಮೈ ಬಿಸಿ ಇತ್ತು. ಪ್ಯಾರಾಸಿಟಮಾಲ್ ಸಿರಪ್ ಕೊಟ್ಟೆ, ಇಳಿಯಿತು, ಶಾಲೆಗೆ ಕಳಿಸಿದೆ. ಮಧ್ಯಾಹ್ನ ಶಾಲೆಯಿಂದ ಫೋನು, ಜ್ವರ ಇದೆ ಬಂದು ಕರೆದುಕೊಂಡು ಹೋಗಿ ಎಂದು. ಟೀಚರ್ ಮುಖ ಗಂಟಿಕ್ಕಿಕೊಂಡೇ ಇದ್ದರು. ಎಷ್ಟು ದಿನ ಅಂತ ರಜೆ ಹಾಕಿಸುವುದು?

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೂ ಇಲ್ಲಿ ನಾನು ಟೀಚರ್ ಪರ. ಪ್ಯಾರಾಸಿಟಮಾಲ್ ಜ್ವರವನ್ನು ಇಳಿಸುತ್ತದೆ, ಜ್ವರ ತಂದ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಅದರ ಕೆಲಸ ನಾಲ್ಕರಿಂದ ಆರು ಗಂಟೆ ಅಷ್ಟೇ. ಏಳೂವರೆಗೆ ಕೊಟ್ಟರೆ ಹನ್ನೆರಡು ಒಂದು ಗಂಟೆಗೆ ಜ್ವರ ವಾಪಸ್ ಬರುತ್ತದೆ. ಆ ನಡುವಿನ ಹೊತ್ತೆಲ್ಲ ಮಗು ಪಕ್ಕದವನ ಜೊತೆ ತಲೆಗೆ ತಲೆ ತಾಗಿಸಿ ಕೂತು ಬಣ್ಣ ಹಚ್ಚಿರುತ್ತದೆ.

ಸಾಮಾನ್ಯವಾಗಿ ಶಾಲೆಗಳು ಪಾಲಿಸುವ ಲೆಕ್ಕ ಹೀಗಿದೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಔಷಧಿ ಕೊಡದೆಯೇ 24 ಗಂಟೆ ಜ್ವರ ಬಾರದೆ ಇದ್ದರೆ ಮಾತ್ರ ಕಳಿಸಬೇಕು. ವಾಂತಿ ಭೇದಿ ಇದ್ದರೆ ಅದು ನಿಂತ ಮೇಲೆ ಕಡೇಪಕ್ಷ 24 ಗಂಟೆ, ಕೆಲವು ಶಾಲೆಗಳು 48 ಗಂಟೆ ಕೇಳುತ್ತವೆ. ಹೊಟ್ಟೆಯ ಈ ಸೋಂಕುಗಳಲ್ಲಿ ಕೆಲವು ಸ್ಯಾನಿಟೈಸರಿಗೆ ಸರಿಯಾಗಿ ಬಗ್ಗುವುದಿಲ್ಲ, ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯುವುದೇ ಆಗಬೇಕು. ಚಿಕನ್‌ಪಾಕ್ಸ್ ಆದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೂ ಮನೆಯಲ್ಲೇ ಇರಲಿ. ಹಾಗಂತ ಸುಮ್ನೆ ಮೂಗು ಸೋರುತ್ತಿದೆ, ಜ್ವರ ಇಲ್ಲ, ಮಗು ಆಡಿಕೊಂಡಿದೆ ಅಂದರೆ ಧಾರಾಳವಾಗಿ ಕಳಿಸಬಹುದು.

ಇನ್ನೊಂದು ಮಾತು. ಮಾತ್ರೆ ಸಿರಪ್‌ಗಳನ್ನು “ಮಧ್ಯಾಹ್ನ ಕುಡಿ” ಎಂದು ಮಗುವಿನ ಬ್ಯಾಗಿಗೆ ಹಾಕಿ ಕಳಿಸಬೇಡಿ, ದಯವಿಟ್ಟು. ಪಕ್ಕದ ಮಗು ಕುಡಿದರೆ? ಹೆಸರು ಮತ್ತು ಪ್ರಮಾಣ ಬರೆದು, ಔಷಧಿಯ ಮೂಲ ಪೆಟ್ಟಿಗೆಯಲ್ಲೇ ಟೀಚರ್ ಕೈಗೆ ಕೊಡಿ. ಅಸ್ತಮಾ ಇರುವ ಮಗುವಾದರೆ ಶಾಲೆಯಲ್ಲಿರುವ ಇನ್ಹೇಲರ್‌ನ ಅವಧಿ ಮುಗಿದಿದೆಯಾ ಎಂದು ಆಗಾಗ ನೋಡಿ. ಹಾಗೇ ನಿಮ್ಮ ಫೋನ್ ನಂಬರ್. ನಂಬರ್ ಬದಲಾಯಿಸಿ ಶಾಲೆಗೆ ಹೇಳಲು ಮರೆತವರು ತುಂಬಾ ಜನ. ಜ್ವರದಲ್ಲಿ ಬೆಂಚಿನ ಮೇಲೆ ಮಲಗಿದ ಮಗುವನ್ನು ಪಕ್ಕದಲ್ಲಿಟ್ಟುಕೊಂಡು “ಈ ನಂಬರ್ ಚಾಲ್ತಿಯಲ್ಲಿಲ್ಲ” ಅನ್ನುವುದನ್ನು ಕೇಳಿಸಿಕೊಂಡವಳು ನಾನು.

ಪ್ರಶ್ನೆ: ಮಗಳ ತಲೆಯಲ್ಲಿ ಹೇನು ಇದೆ ಎಂದು ಶಾಲೆಯಿಂದ ಚೀಟಿ ಬಂತು. ನಾವು ದಿನಾ ಸ್ನಾನ ಮಾಡಿಸುತ್ತೇವೆ. ಅವಮಾನವಾಗಿದೆ. (ಹೆಸರು ಬೇಡ)

ಉತ್ತರ: ಅವಮಾನ ಪಡುವಂಥದ್ದು ಏನೂ ಇಲ್ಲಮ್ಮ. ಹೇನಿಗೆ ಕೊಳಕು ತಲೆ, ಶುಚಿ ತಲೆ ಎಂಬ ಭೇದ ಇಲ್ಲ. ಅದು ಹಾರುವುದಿಲ್ಲ, ನೆಗೆಯುವುದೂ ಇಲ್ಲ, ತೆವಳುತ್ತದೆ ಅಷ್ಟೇ. ತಲೆಗೆ ತಲೆ ತಾಗಿದಾಗ ಈ ಕೂದಲಿಂದ ಆ ಕೂದಲಿಗೆ ದಾಟುತ್ತದೆ. ಅಂದರೆ ನಿಮ್ಮ ಮಗಳಿಗೆ ಒಳ್ಳೆ ಗೆಳತಿಯರಿದ್ದಾರೆ ಎಂದು ಅರ್ಥ. ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ ಹೇನಿನ ಬಾಚಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಿ, ಕಿವಿ ಹಿಂದೆ ಮತ್ತು ಕತ್ತಿನ ಮೇಲೆ ಜಾಸ್ತಿ ಗಮನ ಕೊಡಿ. ಮೂರ್ನಾಲ್ಕು ದಿನಕ್ಕೊಮ್ಮೆ, ಎರಡು ವಾರ. ಔಷಧಿ ಹಚ್ಚುವುದಾದರೆ ಬಹುತೇಕ ಔಷಧಿಗಳನ್ನು ಒಂದು ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಚ್ಚಬೇಕಾಗುತ್ತದೆ, ಯಾಕೆಂದರೆ ಸೀರು ಒಡೆದು ಹೊಸ ಹೇನು ಹೊರಬರುವುದಕ್ಕೆ ಅಷ್ಟು ದಿನ ಬೇಕು. ಮೊದಲ ಸಲ ಹಚ್ಚಿ ಹೋಯ್ತು ಅಂದುಕೊಳ್ಳುವವರ ಮನೆಯಲ್ಲೇ ಅದು ಮತ್ತೆ ಕಾಣಿಸಿಕೊಳ್ಳುವುದು. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ. ಇದಕ್ಕಾಗಿ ಶಾಲೆ ಬಿಡಿಸುವುದು ಬೇಡ.

ಪ್ರಶ್ನೆ: ನಾನು ಅಜ್ಜ. ಮೊಮ್ಮಗನನ್ನು ಶಾಲೆಗೆ ಬಿಡುವ ಕೆಲಸ ನನ್ನದು. ದಿನಾ ಹತ್ತು ನಿಮಿಷ ಹೆಚ್ಚುಕಮ್ಮಿ ಆಗುತ್ತದೆ. ಅದಕ್ಕೇ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದು ಕಳಿಸಿದ್ದಾರೆ. ಏಳು ವರ್ಷದ ಮಗುವಿಗೆ ಹತ್ತು ನಿಮಿಷ ಅಷ್ಟು ದೊಡ್ಡದೇ?

ಉತ್ತರ: ನಮಸ್ಕಾರ ಯಜಮಾನರೇ. ನೀವು ದಿನಾ ಅವನ ಕೈ ಹಿಡಿದು ಬಿಟ್ಟುಬರುತ್ತೀರಿ ಅನ್ನುವುದೇ ದೊಡ್ಡದು. ಆದರೆ ಒಂದು ಲೆಕ್ಕ ನೋಡಿ. ದಿನಕ್ಕೆ ಹತ್ತು ನಿಮಿಷದ ಹಾಗೆ 200 ದಿನಕ್ಕೆ 2000 ನಿಮಿಷ, ಅಂದರೆ 33 ಗಂಟೆಗಿಂತ ಹೆಚ್ಚು. ಅದು ಸುಮಾರು ಆರು ದಿನದ ಶಾಲೆ.

ಲೆಕ್ಕ ಒತ್ತಟ್ಟಿಗಿರಲಿ. ಆ ಮೊದಲ ಹತ್ತು ನಿಮಿಷದಲ್ಲೇ ಟೀಚರ್ ಇವತ್ತು ಏನೇನು ಮಾಡುತ್ತೇವೆ ಎಂದು ಹೇಳುವುದು, ಮಕ್ಕಳು ಯಾರ ಪಕ್ಕ ಯಾರು ಎಂದು ಕೂರುವುದು, ನಿನ್ನೆ ಏನಾಯಿತು ಎಂದು ಗುಸುಗುಸು ಹೇಳಿಕೊಳ್ಳುವುದು. ತಡವಾಗಿ ಬಂದ ಮಗು ಬಾಗಿಲಲ್ಲಿ ನಿಲ್ಲುತ್ತದೆ, ಮೂವತ್ತು ಮುಖ ಒಟ್ಟಿಗೆ ತಿರುಗುತ್ತವೆ. ಕೆಲವು ಮಕ್ಕಳು ಆ ನೋಟಕ್ಕೇ ಹೆದರಿ, ತಡವಾದ ದಿನ ಹೊಟ್ಟೆನೋವು ಎಂದು ಹಟ ಹಿಡಿಯುವುದನ್ನು ನೋಡಿದ್ದೇನೆ.

ಬೆಳಿಗ್ಗೆ ಬೇಗ ಆಗಬೇಕಾದರೆ ರಾತ್ರಿಯಿಂದಲೇ ಶುರು ಮಾಡಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ನಿದ್ರೆಯ ತಜ್ಞರು ಹೇಳುತ್ತಾರೆ. ಆರೂವರೆಗೆ ಏಳಬೇಕಾದ ಮಗು ಅಂದರೆ ಎಷ್ಟೇ ತಡವೆಂದರೂ ಒಂಬತ್ತೂವರೆಗೆ ನಿದ್ದೆಯಲ್ಲಿರಬೇಕು, ಎಂಟೂವರೆಗಾದರೆ ಇನ್ನೂ ಒಳ್ಳೆಯದು. ಶೂ, ಬೆಲ್ಟು, ಬ್ಯಾಗು ಎಲ್ಲ ರಾತ್ರಿಯೇ ಬಾಗಿಲ ಪಕ್ಕ ಬರಲಿ. ಇದನ್ನು ಅಜ್ಜ ಮೊಮ್ಮಗ ಸೇರಿ ಮಾಡಿದರೆ ಅವನಿಗೂ ಖುಷಿ.

ಪ್ರಶ್ನೆ: ಶಾಲೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ ಎಂದು ವಾರವಾರವೂ ಸೂಚನೆ ಬರುತ್ತದೆ. ಒಂದು ನಿಮಿಷ ನಿಲ್ಲಿಸಿ ಮಗುವನ್ನು ಇಳಿಸಿದರೆ ಯಾರಿಗೆ ತೊಂದರೆ?

ಉತ್ತರ: ನಿಮ್ಮ ಮಗುವಿಗಲ್ಲ, ನಿಮ್ಮ ಹಿಂದೆ ರಸ್ತೆ ದಾಟುತ್ತಿರುವ ಇನ್ನೊಂದು ಮಗುವಿಗೆ. ಒಂದನೇ ಕ್ಲಾಸಿನ ಮಗು ನಿಂತರೆ ಕಾರಿನ ಬಾನೆಟ್ಟಿಗಿಂತ ಸ್ವಲ್ಪ ಎತ್ತರ ಅಷ್ಟೇ. ನಿಂತ ಗಾಡಿಯ ಮರೆಯಿಂದ ಅದು ಹೊರಬಂದಾಗ ಎದುರಿನ ಡ್ರೈವರಿಗೆ ಕಾಣುವುದು ಕೊನೇ ಗಳಿಗೆಯಲ್ಲಿ. ಅಷ್ಟು ಚಿಕ್ಕ ಮಕ್ಕಳಿಗೆ ಬರುತ್ತಿರುವ ಗಾಡಿಯ ವೇಗವನ್ನು ಅಂದಾಜು ಮಾಡುವುದಕ್ಕೂ ಬರುವುದಿಲ್ಲ. ಸ್ವಲ್ಪ ದೂರದಲ್ಲಿ ನಿಲ್ಲಿಸಿ ನಡೆದು ಬನ್ನಿ. ಮಗುವನ್ನು ರಸ್ತೆಯ ಕಡೆ ಅಲ್ಲ, ಫುಟ್‌ಪಾತ್ ಕಡೆಯ ಬಾಗಿಲಿಂದ ಇಳಿಸಿ. ಸಂಜೆ ಕರೆದುಕೊಂಡು ಹೋಗಲು ಬೇರೆ ಯಾರಾದರೂ ಬರುವುದಿದ್ದರೆ ಶಾಲೆಗೆ ಮೊದಲೇ ಬರೆದು ತಿಳಿಸಿ. “ನಾನು ಅವಳ ಮಾವ” ಎಂದು ಬಂದವರ ಜೊತೆ ಮಗುವನ್ನು ಕಳಿಸದ ಟೀಚರ್ ಮೇಲೆ ದಯವಿಟ್ಟು ರೇಗಬೇಡಿ.

ಪ್ರಶ್ನೆ: ಬ್ಯಾಗಿನ ತೂಕ ಎಷ್ಟಿರಬೇಕು? ಮೂರನೇ ಕ್ಲಾಸಿನ ಮಗ ಬಗ್ಗಿ ನಡೆಯುತ್ತಾನೆ.

ಉತ್ತರ: ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟಿದ್ದರೆ ಒಳ್ಳೆಯದು. 25 ಕೆ.ಜಿ. ಮಗುವಿಗೆ ಎರಡೂವರೆ ಕೆ.ಜಿ. ಒಂದು ಲೀಟರಿನ ನೀರಿನ ಬಾಟಲಿ ತುಂಬಿದರೆ ಅದೇ ಒಂದು ಕೆ.ಜಿ. ಮೀರುತ್ತದೆ, ಶಾಲೆಯಲ್ಲಿ ಕುಡಿಯುವ ನೀರು ಚೆನ್ನಾಗಿದ್ದರೆ ಅರ್ಧ ಲೀಟರಿನ ಬಾಟಲಿ ಸಾಕು. ಟೈಮ್‌ಟೇಬಲ್ ನೋಡಿ ಪುಸ್ತಕ ಇಡಿ, ದಪ್ಪ ಪುಸ್ತಕ ಬೆನ್ನಿಗೆ ತಾಗುವ ಕಡೆ ಬರಲಿ, ಎರಡೂ ಪಟ್ಟಿ ಹೆಗಲ ಮೇಲಿರಲಿ. ಇಷ್ಟು ಮಾಡಿಯೂ ಬಗ್ಗಿ ನಡೆದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಪೇರೆಂಟ್ಸ್ ಮೀಟಿಂಗಿಗೆ ಹೋದರೆ “ನಿಮ್ಮ ಮಗು ಒಳ್ಳೆಯವನು, ತೊಂದರೆ ಇಲ್ಲ” ಎನ್ನುತ್ತಾರೆ. ಐದು ನಿಮಿಷಕ್ಕೆ ಮುಗಿಯುತ್ತದೆ. ಅರ್ಧ ದಿನ ರಜೆ ಹಾಕಿ ಹೋಗಿ ಬರೋದು ಇಷ್ಟಕ್ಕೇನಾ?

ಉತ್ತರ: ಮಕ್ಕಳು ಸದ್ದು ಮಾಡದೆ ಇದ್ದರೆ ಟೀಚರ್ ಹಾಗೇ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಮೂವತ್ತು ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಒಂದೇ ದಿನ ಮಾತಾಡಬೇಕಾದಾಗ ಸುಮ್ಮನಿರುವ ಮಗುವಿನ ಬಗ್ಗೆ ಹೇಳಲು ತಕ್ಷಣ ಏನೂ ಹೊಳೆಯುವುದಿಲ್ಲ. ಅದಕ್ಕೇ ನೀವು ಕೇಳಬೇಕು. “ಹೇಗೆ ಓದುತ್ತಾನೆ” ಎಂದಲ್ಲ. ಗೊತ್ತಾಗದಿದ್ದಾಗ ಕೈ ಎತ್ತಿ ಕೇಳುತ್ತಾನಾ, ಇಲ್ಲ ಪಕ್ಕದವನದ್ದು ನೋಡಿ ಬರೆಯುತ್ತಾನಾ? ಆಟದ ಬಿಡುವಿನಲ್ಲಿ ಯಾರ ಜೊತೆ ಇರುತ್ತಾನೆ? ಬೋರ್ಡಿನ ಅಕ್ಷರ ನೋಡುವಾಗ ಕಣ್ಣು ಕಿರಿದು ಮಾಡುತ್ತಾನಾ? ಈ ಕೊನೆಯ ಪ್ರಶ್ನೆಯಿಂದಲೇ ನನ್ನ ಕ್ಲಾಸಿನ ಒಬ್ಬ ಹುಡುಗಿಗೆ ಕನ್ನಡಕ ಬೇಕೆಂದು ಗೊತ್ತಾಗಿದ್ದು. ಅದನ್ನು ಕೇಳಿದ್ದು ಅವಳ ಅಮ್ಮ, ನಾನು ಗಮನಿಸಿರಲೇ ಇಲ್ಲ.

ಹೋಗುವ ಮುಂಚೆ ಮಗನನ್ನೂ ಕೇಳಿ, “ಟೀಚರ್ ಹತ್ತಿರ ನಾನು ಏನು ಹೇಳಬೇಕು?” ಎಂದು. ಎರಡು ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಎದುರಿಗೆ ಕೂತಾಗ ಮರೆತುಹೋಗುತ್ತದೆ. ಸಮಯ ಸಾಲದಿದ್ದರೆ ಅಲ್ಲೇ ಇನ್ನೊಂದು ದಿನ ಕೇಳಿಕೊಳ್ಳಿ, ಟೀಚರ್ ಬೇಡ ಅನ್ನುವುದಿಲ್ಲ. ಹೊರಡುವಾಗ ಆಫೀಸಿನ ಹತ್ತಿರ ಕಳೆದುಹೋದ ವಸ್ತುಗಳ ಡಬ್ಬ ಇರುತ್ತದೆ, ಅದರಲ್ಲೂ ಒಂದು ಸಲ ಕೈಯಾಡಿಸಿ. ಕಳೆದುಹೋಯಿತು ಎಂದು ನೀವು ಬೈದ ಸ್ವೆಟರ್ ಅಲ್ಲೇ ಇರಬಹುದು. ಸಿಕ್ಕರೆ ಕಾಲರಿನ ಒಳಗಡೆ ಹೆಸರು ಬರೆದುಬಿಡಿ. ಹೊರಗಡೆ ಬೇಡ, ದಾರಿಯಲ್ಲಿ ಹೋಗುವ ಅಪರಿಚಿತರು ಮಗುವನ್ನು ಹೆಸರು ಹಿಡಿದು ಕರೆಯುವ ಹಾಗಾಗಬಾರದು.